ಹನ್ನೊಂದು ಮನೆಗಳ ಉಪ್ಪುನೀರು

ನಮ್ಮ ಮೇಡಂ ಅವರ ಬಲಗೈ ಕಿರುಬೆರಳು ನೆಟ್ಟಗಿರಲಿಲ್ಲ. ಒಳಕ್ಕೆ ಬಾಗಿ ಅಂಗೈಗೆ ಅಂಟಿಕೊಂಡಂತೆ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ, ಎಲ್ಲೋ ಬಿದ್ದು ಮುರಿದುಕೊಂಡದ್ದೂ ಅಲ್ಲ. ಮೂವತ್ತು ವರ್ಷಕ್ಕೂ ಮೇಲೆ ಪ್ರಯೋಗಾಲಯದಲ್ಲಿ ಗಾಜಿನ ನಳಿಗೆಗಳ ಹತ್ತಿ ಬಿರಡೆಯನ್ನು ಆ ಬೆರಳಿನಲ್ಲೇ ಹಿಡಿದು ಹಿಡಿದು ಹಾಗಾಗಿತ್ತು. ಸೂಕ್ಷ್ಮಜೀವಿಗಳ ಕೆಲಸ ಮಾಡುವವರು ತೆಗೆದ ಬಿರಡೆಯನ್ನು ಮೇಜಿನ ಮೇಲೆ ಇಡುವಂತಿಲ್ಲ. ಇಟ್ಟರೆ ಮೇಜಿನ ಕೊಳೆ ನಳಿಗೆಯೊಳಗೆ ಹೋಗುತ್ತದೆ. ಹೀಗಾಗಿ ಎಡಗೈಯಲ್ಲಿ ನಳಿಗೆ, ಬಲಗೈಯ ಎರಡು ಬೆರಳಲ್ಲಿ ಜೀವಿಗಳನ್ನು ಎತ್ತುವ ತಂತಿ, ಕಿರುಬೆರಳಿನ ಮಡಿಕೆಯಲ್ಲಿ ಬಿರಡೆ, ಎದುರಿಗೆ ಉರಿಯುವ ಸ್ಪಿರಿಟ್ ದೀಪ. ಈ ಭಂಗಿಯಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು.

ಪ್ರಯೋಗಾಲಯದಿಂದ ಹೊರಗೆ ಬಂದರೂ ಆ ಬೆರಳು ತನ್ನ ಕೆಲಸ ಬಿಡುತ್ತಿರಲಿಲ್ಲ. ಕಾಫಿಗೆ ಸಕ್ಕರೆ ಹಾಕುವಾಗ ಡಬ್ಬಿಯ ಮುಚ್ಚಳ ಕಿರುಬೆರಳಿನಲ್ಲಿ. ಬಸ್ಸಿನಲ್ಲಿ ನೀರು ಕುಡಿಯುವಾಗ ಬಾಟಲಿಯ ಮುಚ್ಚಳ ಕಿರುಬೆರಳಿನಲ್ಲಿ. ಒಮ್ಮೆ ಶೃಂಗೇರಿಯ ಒಂದು ಮದುವೆಯಲ್ಲಿ ಹೆಂಗಸರಿಗೆ ಕುಂಕುಮ ಕೊಡುವ ಕೆಲಸ ಇವರಿಗೆ ಬಿತ್ತು. ಭರಣಿಯ ಮುಚ್ಚಳವನ್ನು ಕಿರುಬೆರಳಿನಲ್ಲಿ ಸಿಕ್ಕಿಸಿಕೊಂಡೇ ಇಡೀ ಸಾಲಿಗೆ ಕುಂಕುಮ ಹಚ್ಚುತ್ತಾ ಹೋದರು. ಕೊನೆಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈ ಹಿಡಿದುಕೊಂಡು, "ವಾತ ಹಿಡಿದದ್ದಾ ಮಗಾ? ಎಣ್ಣೆ ಹಾಕಿ ನೀವಿಸ್ಕೋ" ಎಂದರಂತೆ. ಈ ಕತೆಯನ್ನು ಮೇಡಂ ತಾವೇ ನಗುತ್ತಾ ಹೇಳುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ನಮ್ಮನ್ನೆಲ್ಲ ಏಕವಚನದಲ್ಲಿ ಕರೆಯುತ್ತಿದ್ದ ಅವರು ಬ್ಯಾಕ್ಟೀರಿಯಾಗಳಿಗೆ ಮಾತ್ರ ಬಹುವಚನ ಕೊಡುತ್ತಿದ್ದರು. "ಇವರು ಇನ್ನೂ ಎದ್ದಿಲ್ಲ, ಸಂಜೆ ನೋಡುವಾ." "ಇವರಿಗೆ ಜಾಸ್ತಿ ಬಿಸಿ ಆಗಿಬರಲ್ಲ." ಪಕ್ಕದಲ್ಲೇ ನಿಂತ ನನಗೆ, "ಏ ಮಾರಾಯ್ತಿ, ಆ ಪ್ಲೇಟು ತಾರೇ." ಒಮ್ಮೆ ಕೇಳಿಯೇಬಿಟ್ಟೆ, ಎಂತಕ್ಕೆ ಮೇಡಂ ಹೀಗೆ ಎಂದು. "ಅವರು ನಮಗಿಂತ ಮುಂಚೆ ಬಂದವರು, ವಯಸ್ಸಿಗೆ ಮರ್ಯಾದೆ ಕೊಡಬೇಕಲ್ವಾ" ಎಂದರು.

ಮೇಡಂ ಹುಟ್ಟಿದ್ದು ಶೃಂಗೇರಿ ಹತ್ತಿರದ ಮೆಣಸೆಯಲ್ಲಿ. ಓದಲು ದೂರ ಹೋದರು, ದೊಡ್ಡ ದೊಡ್ಡ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದರು, ನಡುವಯಸ್ಸಿಗೆ ತಿರುಗಿ ಬಂದು ಕೊಪ್ಪದ ಒಂದು ಕಾಲೇಜಿನ ಹಿಂಬದಿಯ ಎರಡು ಕೋಣೆ ಹಿಡಿದು ಕೂತರು. ಮೊದಲ ಹತ್ತು ವರ್ಷ ಅವರು ನೋಡಿದ್ದು ನೀರನ್ನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ಹಳ್ಳ ಏನಾಗುತ್ತದೆ, ಅದನ್ನು ತಿಂದು ತಿಳಿ ಮಾಡುವ ಜೀವಿಗಳು ಯಾವುವು ಎಂಬುದು ಅವರ ವಿಷಯ. ಕೆಲವು ಎಸ್ಟೇಟಿನವರು ಗೇಟು ತೆಗೆಯುತ್ತಿರಲಿಲ್ಲ. ಇವರು ಜಗಳ ಆಡದೆ ಕೆಳಗೆ ಹೋಗಿ, ಹಳ್ಳ ರಸ್ತೆ ದಾಟುವ ಮೋರಿಯ ಹತ್ತಿರ ಕೂತು ನೀರು ತುಂಬಿಸಿಕೊಳ್ಳುತ್ತಿದ್ದರು. ತೋಟದ ಯಜಮಾನರೊಬ್ಬರು ಜೀಪು ನಿಲ್ಲಿಸಿ, "ಎಂತ ಮೇಡಂ, ನಮ್ಮ ಹೊಟ್ಟೆ ಮೇಲೆ ಹೊಡೀತೀರಲ್ಲ" ಎಂದಾಗ, "ಇಲ್ಲ ಮಾರಾಯ್ರೇ, ನಿಮ್ಮಿಂದ ಕೆಳಗಿನ ಮನೆಯವರ ಹೊಟ್ಟೆ ನೋಡ್ತಾ ಇದೀನಿ" ಎಂದಿದ್ದರಂತೆ. ಅದೇ ಯಜಮಾನರು ಮುಂದೆ ಇವರನ್ನೇ ಕರೆದು, ಆ ನೀರು ತಿಳಿಯಾಗಲು ತೊಟ್ಟಿ ಕಟ್ಟಿಸಿದರು.

ನೀರಿನಿಂದ ಅವರು ಊಟಕ್ಕೆ ಬಂದರು. ಇಡ್ಲಿ ಹಿಟ್ಟು, ನೆನೆಸಿಟ್ಟ ಬಿದಿರಿನ ಕಳಲೆ, ಕೊನೆಗೆ ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಮಿಡಿ. ನಾನು ಅವರ ಕೈಗೆ ಸಿಕ್ಕಿದ್ದು ಈ ಮಿಡಿಯ ಕಾಲದಲ್ಲಿ.

ನನ್ನ ಊರು ನರಸಿಂಹರಾಜಪುರ. ಎಂ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಸಂಶೋಧನೆ ಮಾಡಬೇಕೆಂಬ ಆಸೆಗಿಂತ, ಸಂಶೋಧನೆ ಮಾಡುವವಳು ಅನ್ನಿಸಿಕೊಳ್ಳುವ ಆಸೆ ಜೋರಾಗಿತ್ತು. ಮೊದಲ ದಿನ ಮೇಡಂ ನನ್ನ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಮೂರು ಬಾಟಲಿ ನೀರು ತಂದು ಮುಂದಿಟ್ಟರು. "ಮೂಸು" ಎಂದರು. ಮೂಸಿದೆ. ಒಂದು ಮಣ್ಣಿನ ವಾಸನೆ, ಒಂದಕ್ಕೆ ಏನೂ ಇಲ್ಲ, ಒಂದು ಹುಳಿ. ಹಾಗೇ ಹೇಳಿದೆ. "ಹ್ಞೂಂ, ಮೂಗಿದೆ. ನಾಳೆಯಿಂದ ಬಾ" ಎಂದರು. ಅಷ್ಟೇ ನನ್ನ ಸಂದರ್ಶನ.

ಕಿಗ್ಗದ ಆಚೆಯ ಒಂದು ಊರಿನಲ್ಲಿ ಹನ್ನೊಂದು ಮನೆಯ ಹೆಂಗಸರು ಸೇರಿ ಸಂಘ ಮಾಡಿಕೊಂಡು ಮಿಡಿ ಉಪ್ಪಿನಕಾಯಿ ಹಾಕುತ್ತಿದ್ದರು. ಶೃಂಗೇರಿಗೆ ಬರುವ ಯಾತ್ರಿಕರು ಅದನ್ನು ಕೇಳಿ ಒಯ್ಯುತ್ತಿದ್ದರು. ಪ್ರತಿ ಮನೆಯ ಭರಣಿಯಿಂದ ಉಪ್ಪುನೀರು ತಂದು, ಅದರಲ್ಲಿ ಯಾವ ಯಾವ ಸೂಕ್ಷ್ಮಜೀವಿಗಳಿವೆ ಎಂದು ನೋಡುವುದು ನನ್ನ ಪಿಎಚ್.ಡಿ. ಪ್ರಬಂಧದ ಕೆಲಸ. ತಿಂಗಳಿಗೊಮ್ಮೆ ಕೊಪ್ಪದಿಂದ ಬಸ್ಸು ಹತ್ತಿ, ಒತ್ತಡದ ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಿದ ಹನ್ನೊಂದು ಖಾಲಿ ಬಾಟಲಿ ಹೊತ್ತುಕೊಂಡು ಹೋಗುತ್ತಿದ್ದೆ.

ಆದರೆ ಮಿಡಿಯ ಭರಣಿ ಕಂಡವರ ಕೈಗೆ ಸಿಗುವಂಥದ್ದಲ್ಲ. ಒಳಗಿನ ಕತ್ತಲೆ ಕೋಣೆಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿರುತ್ತದೆ. ಮಿಂದು ಮಡಿಯಲ್ಲಿರುವ ಹಿರಿಯ ಹೆಂಗಸು ಒಬ್ಬಳೇ ಅದನ್ನು ಮುಟ್ಟುವುದು. ಬಸ್ಸಿನಲ್ಲಿ ಬಂದ ನನ್ನನ್ನು ಯಾರು ಒಳಗೆ ಬಿಟ್ಟಾರು? ನಾನು ಬಾಟಲಿ ಕೊಟ್ಟು ಜಗಲಿಯಲ್ಲಿ ಕೂರುತ್ತಿದ್ದೆ. ಕಾಫಿ ಬರುತ್ತಿತ್ತು, ಜೊತೆಗೆ ಕೋಡುಬಳೆ. ಕುಡಿದು ಮುಗಿಯುವಷ್ಟರಲ್ಲಿ ತುಂಬಿದ ಬಾಟಲಿಯೂ ಬರುತ್ತಿತ್ತು. ಎಷ್ಟು ಒಳ್ಳೆಯ ಜನ ಎಂದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆ. ಹೀಗೆ ಎರಡು ವರ್ಷ.

ಎರಡನೆಯ ವರ್ಷದ ಕೊನೆಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಹನ್ನೊಂದೂ ಮನೆಯ ಉಪ್ಪುನೀರಿನಲ್ಲಿ ದನಕರುಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ ಸಿಕ್ಕಿತ್ತು. ಸಗಣಿಯ ನಂಟಿನವು, ಹೊಟ್ಟೆ ಕೆಡಿಸುವಂಥವು. ನಾಲಿಗೆಗೆ ತಾಗಿದರೆ ಕಣ್ಣು ಮುಚ್ಚಿಹೋಗುವಷ್ಟು ಉಪ್ಪಿನಲ್ಲಿ ಅವು ಬದುಕುವುದೇ ಇಲ್ಲ ಎಂದು ಪುಸ್ತಕ ಹೇಳುತ್ತದೆ. ಅಂದಮೇಲೆ ಇದು ಉಪ್ಪು ತಡೆಯುವ ಹೊಸ ತಳಿಯೇ ಇರಬೇಕು, ಕಂಡುಹಿಡಿದವಳು ನಾನೇ ಇರಬೇಕು! ಮೇಡಂಗೆ ತೋರಿಸಿದೆ. ತುಂಬಾ ಹೊತ್ತು ನೋಡಿ, "ಇಷ್ಟು ಉಪ್ಪಲ್ಲಿ ಇವರು ಎಂತ ಮಾಡ್ತಿದಾರೆ? ನನಗೆ ಸರಿ ಕಾಣ್ತಿಲ್ಲ. ಗೊತ್ತಾಗೋ ತನಕ ಬಾಯಿ ಬಿಡಬೇಡ" ಎಂದರು.

ಬಿಟ್ಟೆ. ಕೊಪ್ಪದಲ್ಲಿ ಮೂರು ತಾಲ್ಲೂಕಿನ ಮಹಿಳಾ ಸಂಘಗಳ ಸಭೆಯೊಂದಿತ್ತು. ಮೇಡಂ ಬೇರೆ ಊರಿಗೆ ಹೋಗಿದ್ದರು, ಅವರ ಬದಲು ನಾನು ಮಾತಾಡಬೇಕಿತ್ತು. ಶುಚಿತ್ವದ ಬಗ್ಗೆ ನಾಲ್ಕು ಮಾತು ಆಡಿ ಇಳಿದು ಬಂದಿದ್ದರೆ ಆಗುತ್ತಿತ್ತು. ಮೈಕು ಕೈಗೆ ಬಂದದ್ದೇ ತಡ, ನನ್ನ ಹೊಸ ತಳಿಯ ಕತೆ ಶುರು ಮಾಡಿದೆ. ಊರ ಹೆಸರನ್ನೂ ಹೇಳಿಬಿಟ್ಟೆ. ಮುಂದಿನ ಸಾಲಿನಲ್ಲಿ ಆ ಹನ್ನೊಂದು ಮನೆಯವರು ಕೂತಿದ್ದರು. ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು, ಪೂರ್ತಿ ವರದಿ ಬರುವವರೆಗೆ ಸಂಘದವರು ಉಪ್ಪಿನಕಾಯಿ ಮಾರಬಾರದು ಎಂದು ಅಲ್ಲೇ ಹೇಳಿದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. ವಾರದೊಳಗೆ ಶೃಂಗೇರಿಯ ಅಂಗಡಿಗಳು ಡಬ್ಬಿಗಳನ್ನು ವಾಪಸು ಕಳಿಸಿದವು.

ಈಗ ಪರಿಸ್ಥಿತಿ ಹೀಗಿತ್ತು: ನನ್ನ ಫಲಿತಾಂಶ ನಿಂತರೆ ನನ್ನ ಪ್ರಬಂಧ ಮುಗಿಯುತ್ತದೆ, ಆ ಸಂಘ ಮುಚ್ಚುತ್ತದೆ. ಸಂಘ ಉಳಿಯಬೇಕಾದರೆ ನನ್ನ ಎರಡು ವರ್ಷ ಹೋಗಬೇಕು.

ಮೇಡಂ ತಿರುಗಿ ಬಂದವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ನಾಳೆ ಆ ಊರಿಗೆ ಹೋಗುವಾ. ಒಂದು ಸೀರೆ ಹಿಡ್ಕೋ" ಎಂದರು. ನನ್ನ ಹತ್ತಿರ ಸೀರೆ ಎಲ್ಲಿ? ಅವರೇ ಎರಡು ತಂದರು.

ಹೋದದ್ದು ಸಂಘದ ಅಧ್ಯಕ್ಷೆಯ ಮನೆಗೆ. ಅರವತ್ತೈದರ ಆಸುಪಾಸಿನ, ಮಾತಿನಲ್ಲಿ ಜೋರಿನ ಹೆಂಗಸು. ಅವತ್ತು ಜಗಲಿಗೆ ಕಾಫಿ ಬಂತು, ಕೋಡುಬಳೆ ಬರಲಿಲ್ಲ. ಮೇಡಂ ಕಾಫಿ ಕುಡಿದು ಲೋಟ ಕೆಳಗಿಟ್ಟು ಕೇಳಿದರು.

"ಅಮ್ಮ, ಹಂಡೆಯಲ್ಲಿ ಬಿಸಿನೀರು ಇದೆಯಾ? ಮೀಯಬೇಕಿತ್ತು."

"ಈಗಲಾ? ಹನ್ನೊಂದು ಗಂಟೆಗೆ?"

"ನಿಮ್ಮ ಭರಣಿ ಹತ್ತಿರ ಬರಬೇಕು, ಅದಕ್ಕೆ."

ಅಧ್ಯಕ್ಷೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎಷ್ಟು ದೊಡ್ಡ ವಿಜ್ಞಾನಿ, ಯಾವ ಪೈಕಿ ಎಂದೆಲ್ಲ ಕೇಳಲಿಲ್ಲ. "ನೀರು ಕಾದಿದೆ, ಹೋಗಿ. ಈ ಕೂಸೂ ಮೀಯಬೇಕು ಮತ್ತೆ" ಎಂದು ನನ್ನ ಕಡೆ ಕೈ ಮಾಡಿದರು. ಸಭೆಯಲ್ಲಿ ಅವರ ಮಾನ ಕಳೆದ ನಾನು, ಅವರ ಬಚ್ಚಲಲ್ಲಿ ಮಿಂದು, ಮೇಡಂ ಸೀರೆಯನ್ನು ಹೇಗೋ ಸುತ್ತಿಕೊಂಡು, ಹೆಜ್ಜೆಗೊಮ್ಮೆ ಎಡವುತ್ತಾ ಕತ್ತಲೆ ಕೋಣೆಗೆ ಹೋದೆ.

ಮೇಡಂ ಚೀಲದಿಂದ ಒಂದು ಶುದ್ಧ ಬಾಟಲಿ ತೆಗೆದುಕೊಟ್ಟು, "ತಿಂಗಳು ತಿಂಗಳು ಹೆಂಗೆ ತುಂಬಿಸ್ತಿದ್ರೋ ಹಂಗೇ ತುಂಬಿಸಿ ಅಮ್ಮ" ಎಂದರು. ಅಧ್ಯಕ್ಷೆ ಬಾಟಲಿ ಹಿಡಿದು, ಭರಣಿಯ ಕಡೆ ಹೋಗುವ ಬದಲು ಹಿತ್ತಿಲ ಬಾಗಿಲಿನಿಂದ ಹೊರಗೆ ನಡೆದರು. ನಾವು ಹಿಂದೆ ಹೋದೆವು. ಕೊಟ್ಟಿಗೆಯ ಪಕ್ಕದಲ್ಲಿ ಪಾತ್ರೆ ತೊಳೆಯುವ ಕಲ್ಲು, ಅದರ ಬದಿಯಲ್ಲಿ ನೀರಿನ ತೊಟ್ಟಿ. ಹಗ್ಗ ಬಿಚ್ಚಿಕೊಂಡಿದ್ದ ಕರುವೊಂದು ತೊಟ್ಟಿಗೆ ಮೂತಿ ಇಟ್ಟಿತ್ತು. ಅಧ್ಯಕ್ಷೆ ಅದನ್ನು ಅತ್ತ ತಳ್ಳಿ, ತೆಂಗಿನ ನಾರಿಗೆ ಬೂದಿ ಹಚ್ಚಿ ಬಾಟಲಿಯ ಒಳಗೂ ಹೊರಗೂ ತಿಕ್ಕಿದರು. ತೊಟ್ಟಿಯ ನೀರಿನಲ್ಲಿ ಮೂರು ಸಲ ಗಲಬರಿಸಿದರು. ಬೆಳಕಿಗೆ ಹಿಡಿದು ನೋಡಿ, ತೃಪ್ತಿಯಿಂದ ಹೇಳಿದರು.

"ನೋಡಿ, ಹೇಗೆ ಹೊಳೀತಿದೆ! ಲ್ಯಾಬಿನವರ ಬಾಟ್ಲಿ, ಎಲ್ಲೆಲ್ಲಿ ಇಟ್ಟಿರ್ತಾರೋ ಏನೋ. ತೊಳೀದೆ ತುಂಬಿಸಿ ಕೊಟ್ರೆ ನಮ್ಮ ಮನೆ ಮರ್ಯಾದೆ ಎಂತ ಆಗಬೇಕು? ಹನ್ನೊಂದು ಮನೆಯವರಿಗೂ ಹೇಳಿಬಿಟ್ಟಿದ್ದೆ, ಕಾಲೇಜಿನ ಕೂಸಿಗೆ ಹಂಗೇ ಕೊಡಬೇಡಿ ಅಂತ."

ನನ್ನ ಹೊಸ ತಳಿ ಆ ಕರುವಿನ ಮೂತಿಯಿಂದ ಬಂದಿತ್ತು. ಮನೆ ಮನೆಯ ಇಂಥ ತೊಟ್ಟಿಯ ನೀರಿನ ಹನಿಗಳಲ್ಲಿ ಬಾಟಲಿ ಸೇರಿ, ಉಪ್ಪಿನಲ್ಲಿ ಸಾಯುವ ಮೊದಲು ಒಂದು ದಿನ ಹೇಗೋ ಜೀವ ಹಿಡಿದುಕೊಂಡು ಕೊಪ್ಪದವರೆಗೆ ನನ್ನ ಜೊತೆ ಬಸ್ಸಿನಲ್ಲಿ ಬರುತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಮಾತ್ರ ಗಂಭೀರವಾಗಿ, "ಚೆನ್ನಾಗಿ ತೊಳೆದಿದೀರಿ ಅಮ್ಮ" ಎಂದರು. ಆ ಬಾಟಲಿ ತುಂಬಿಸಿಕೊಂಡ ಮೇಲೆ ಇನ್ನೊಂದನ್ನು ತಾವೇ ತೆಗೆದು, ದೀಪ ಹಚ್ಚಿ ಬಾಯಿಯನ್ನು ಬೆಂಕಿಗೆ ತೋರಿಸಿ, ಮುಚ್ಚಳವನ್ನು ಬೆರಳಲ್ಲಿ ಹಿಡಿದು ತುಂಬಿಸಿದರು. ಅಧ್ಯಕ್ಷೆ ಕಣ್ಣು ಕೀಲಿಸಿ ನೋಡುತ್ತಿದ್ದರು.

"ಮುಚ್ಚಳ ಕೆಳಗೆ ಇಡಲ್ವಾ?"

"ಇಡಬಾರದು. ಬಾಟ್ಲಿ ಒಳಗೆ ನೀರೂ ತಾಗಬಾರದು. ಇದು ನಮ್ಮ ಮಡಿ ಅಮ್ಮ."

"ಅಯ್ಯೋ, ಹಂಗಂತ ಮೊದಲೇ ಹೇಳೋದಲ್ವಾ ಮಾರಾಯ್ರೇ! ಮಡಿ ಅಂದ್ರೆ ನಮಗೆ ಗೊತ್ತಾಗಲ್ವಾ?"

ಎರಡು ವರ್ಷ ಅವರ ಜಗಲಿಯಲ್ಲಿ ಕೋಡುಬಳೆ ತಿಂದ ನಾನು ಹೇಳದೆ ಬಿಟ್ಟದ್ದು ಇಷ್ಟೇ ಮಾತು.

ಮೂರು ದಿನಕ್ಕೆ ಉತ್ತರ ಬಂತು. ತೊಳೆದ ಬಾಟಲಿಯ ನೀರು ಹಾಕಿ ಬೆಳೆಸಿದ ಪ್ಲೇಟಿನ ತುಂಬಾ ನನ್ನ ಬ್ಯಾಕ್ಟೀರಿಯಾ. ತೊಳೆಯದ ಬಾಟಲಿಯ ಪ್ಲೇಟಿನಲ್ಲಿ ಒಂದೂ ಇಲ್ಲ. ನಾನು ಅತ್ತೆ. ಅತ್ತು ಮುಗಿದ ಮೇಲೆ ಒಂದು ಸಲಹೆ ಕೊಟ್ಟೆ, ಇವತ್ತಿಗೂ ನೆನೆದರೆ ಕಿವಿ ಬಿಸಿಯಾಗುತ್ತದೆ. ಸುಮ್ಮನೆ ಹೊಸದಾಗಿ ಸ್ಯಾಂಪಲ್ ತಂದು, ಈಗ ಎಲ್ಲ ಸರಿಹೋಗಿದೆ, ಸಂಘದವರು ಶುಚಿ ಕಲಿತಿದ್ದಾರೆ ಎಂದು ವರದಿ ಕೊಟ್ಟರೆ ಆಯಿತಲ್ಲ, ಅವರಿಗೂ ಮಾರಲು ಒಪ್ಪಿಗೆ ಸಿಗುತ್ತದೆ, ನಮ್ಮ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಆ ಹನ್ನೊಂದು ಮನೆಯವರಿಗೆ ಮೊದಲಿಂದ್ಲೂ ಗೊತ್ತಿದೆಯಲ್ಲ ಮಾರಾಯ್ತಿ, ತಮ್ಮ ಉಪ್ಪಿನಕಾಯಿ ಚೆನ್ನಾಗಿದೆ ಅಂತ. ಅವರ ಕಣ್ಣಲ್ಲಿ ನಾವು ಆಗಲೇ ಸುಳ್ಳು ಹೇಳಿ ಆಗಿದೆ. ಇನ್ನೊಂದು ಬೇಡ."

ಉಳಿದ ಹತ್ತು ಮನೆಗೂ ಮೇಡಂ ಒಬ್ಬರೇ ಹೋಗಿ ಉಪ್ಪುನೀರು ತಂದು ನೋಡಿದರು, ಒಂದರಲ್ಲೂ ಏನೂ ಇರಲಿಲ್ಲ. ಮುಂದಿನ ತಿಂಗಳು ಅದೇ ಸಭಾಂಗಣ, ಅದೇ ಅಧಿಕಾರಿ, ಅದೇ ಮುಂದಿನ ಸಾಲು. ಮೇಡಂ ಎದ್ದು ನಿಂತು ನಾಲ್ಕೇ ವಾಕ್ಯ ಹೇಳಿದರು. "ಉಪ್ಪಿನಕಾಯಿಯಲ್ಲಿ ದೋಷವಿಲ್ಲ. ದೋಷ ಇದ್ದದ್ದು ಸ್ಯಾಂಪಲ್ ತೆಗೆದ ರೀತಿಯಲ್ಲಿ. ಆ ರೀತಿಗೆ ಜವಾಬ್ದಾರಿ ನನ್ನದು, ತಪ್ಪು ನನ್ನದು. ಸಂಘದವರಲ್ಲಿ ನಾನು ಕ್ಷಮೆ ಕೇಳುತ್ತೇನೆ." ಬಾಟಲಿ ತೊಳೆದ ಸುದ್ದಿಯನ್ನೇ ಎತ್ತಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಕಾಲೇಜಿನವರು ಮುಖ ಮುಖ ನೋಡಿಕೊಂಡರು. ಇಡೀ ಜೀವಮಾನ ಒಂದು ಅಂಕಿಯನ್ನೂ ಕಣ್ಣುಮುಚ್ಚಿ ಬರೆಯದ ಹೆಂಗಸು ಮೈಕಿನ ಮುಂದೆ ನಿಂತು ತಪ್ಪೊಪ್ಪಿಕೊಳ್ಳುತ್ತಿದ್ದರು.

ಆಗ ಅಧ್ಯಕ್ಷೆ ಎದ್ದರು. "ಮೇಡಂದು ತಪ್ಪಲ್ಲ. ಬಾಟ್ಲಿ ತೊಳೆದದ್ದು ನಾನು. ಎಲ್ಲರಿಗೂ ತೊಳೀರಿ ಅಂದದ್ದೂ ನಾನೇ" ಎಂದು ಗಟ್ಟಿಯಾಗಿ ಹೇಳಿ, ಸೆರಗು ಸರಿಮಾಡಿಕೊಂಡು ಕೂತರು. ಸಭೆಯಲ್ಲಿ ನಗು ಎದ್ದಿತು, ಒಳ್ಳೆಯ ನಗು. ಅಧಿಕಾರಿಯೂ ನಕ್ಕು, ಮಾರಾಟಕ್ಕೆ ಅಡ್ಡಿಯಿಲ್ಲ ಎಂದರು.

ತಪ್ಪು ಮಾಡದ ಇಬ್ಬರು ಎದ್ದು ನಿಂತಿದ್ದರು. ಮಾಡಿದವಳು ಮೂರನೆಯ ಸಾಲಿನಲ್ಲಿ, ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತೇ ಇದ್ದೆ. ಏಳಬೇಕು ಎಂದು ಗೊತ್ತಿತ್ತು. ಕಾಲು ಏಳಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನೇ ಏಳಲಿಲ್ಲ.

ಪ್ರಬಂಧ ಮೊದಲಿನಿಂದ ಶುರುವಾಯಿತು. ಮೊದಲ ಸುತ್ತಿಗೆ ಮೇಡಂ ಬರುತ್ತಾರೆ ಎಂದುಕೊಂಡಿದ್ದೆ. "ನನಗೆ ಮಂಡಿ ನೋವು. ನೀನೊಬ್ಬಳೇ ಹೋಗು, ಹನ್ನೊಂದು ಮನೆಗೂ" ಎಂದರು. ಮೊದಲ ಮನೆಯಲ್ಲಿ ಮಿಂದೆ, ಸೀರೆ ಉಟ್ಟೆ, ಉಪ್ಪುನೀರು ತುಂಬಿಸಿಕೊಂಡೆ, ಬಂದೆ. ಎರಡನೆಯದರಲ್ಲೂ ಹಾಗೇ. ಮೂರನೆಯ ಮನೆಯಾಕೆ, "ಪಾಪ, ಆ ಮೇಡಂ ಎಷ್ಟು ದೊಡ್ಡವರು, ಸಭೆಯಲ್ಲಿ ತಲೆ ತಗ್ಗಿಸೋ ಹಂಗಾಯ್ತು" ಎಂದರು. ಹೌದು ಎಂದು ತಲೆಯಾಡಿಸಿ ಹೊರಟೆ. ನಾಲ್ಕನೆಯದು ಅಧ್ಯಕ್ಷೆಯ ಮನೆ. ಕಾಫಿ ಲೋಟ ಕೈಯಲ್ಲಿತ್ತು, ಕುಡಿಯಲಾಗಲಿಲ್ಲ. ಬಾಯಿ ಬಿಡಬೇಡ ಎಂದು ಮೇಡಂ ಹೇಳಿದ್ದರು, ಬಿಟ್ಟವಳು ನಾನು, ಬಾಟಲಿ ತೊಳೆಯಬೇಡಿ ಎಂದು ಹೇಳಬೇಕಾದವಳೂ ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಅಧ್ಯಕ್ಷೆ ಕೋಡುಬಳೆ ತಟ್ಟೆಯನ್ನು ನನ್ನ ಕಡೆ ಸರಿಸಿ, "ಅವತ್ತೇ ನಿನ್ನ ಮುಖ ನೋಡಿ ಗೊತ್ತಾಗಿತ್ತು ಕೂಸೇ. ಕಾಫಿ ಆರ್ತಿದೆ, ಕುಡಿ" ಎಂದರು. ನಾನು ಗದ್ದೆ ಬದು ದಾಟಿ ಐದನೆಯ ಮನೆ ಮುಟ್ಟುವುದರೊಳಗೆ ಫೋನು ಹೋಗಿತ್ತು. ಉಳಿದ ಏಳು ಮನೆಯಲ್ಲಿ ನನಗೆ ಹೇಳಲು ಏನೂ ಉಳಿದಿರಲಿಲ್ಲ. ಎಲ್ಲರೂ ಮೊದಲಿಗಿಂತ ದೊಡ್ಡ ತಟ್ಟೆಯಲ್ಲಿ ಕೋಡುಬಳೆ ಇಟ್ಟರು.

ಈ ಸಂಗತಿ ನಾನು ಮೇಡಂಗೆ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆಮೇಲಿನ ವರ್ಷಗಳು ನನ್ನ ಜೀವನದ ಒಳ್ಳೆಯ ವರ್ಷಗಳು. ಹನ್ನೊಂದು ಮನೆಯ ಉಪ್ಪುನೀರಿನಲ್ಲಿ ನಿಜವಾಗಿ ಇದ್ದವರನ್ನು ಕಂಡೆವು. ಮಿಡಿಗೆ ಹುಳಿ ಕೊಡುವವರು, ಪರಿಮಳ ಕೊಡುವವರು, ಯಾರಿಗೂ ತೊಂದರೆ ಮಾಡದೆ ಭರಣಿ ಕಾಯುವವರು. ಮನೆಯಿಂದ ಮನೆಗೆ ಅವರ ಗುಂಪು ಬೇರೆ ಬೇರೆ. ತಮ್ಮ ಮಿಡಿಯ ರುಚಿ ಪಕ್ಕದ ಮನೆಯವರಿಗೆ ಬರುವುದಿಲ್ಲ ಎಂದು ಹೆಂಗಸರು ಜಂಬ ಕೊಚ್ಚುತ್ತಿದ್ದುದು ನಿಜವೇ ಆಗಿತ್ತು. ಮೇಡಂ ಒಂದೊಂದು ಪ್ಲೇಟನ್ನೂ ಬೆಳಕಿಗೆ ಹಿಡಿದು, "ಓ, ಇವರು ಬಂದ್ರು!" ಎಂದು ನೆಂಟರನ್ನು ಎದುರುಗೊಳ್ಳುವ ಹಾಗೆ ಸಂಭ್ರಮಪಡುತ್ತಿದ್ದರು. ಪ್ರಬಂಧ ಒಪ್ಪಿಗೆಯಾದ ದಿನ ಅಧ್ಯಕ್ಷೆ ಸಂಘದ ಎಲ್ಲರನ್ನೂ ಕಟ್ಟಿಕೊಂಡು ಕೊಪ್ಪಕ್ಕೆ ಬಂದಿದ್ದರು.

ಮೇಡಂ ನಿವೃತ್ತರಾಗಿ ಮೆಣಸೆಯ ತಮ್ಮನ ಮನೆಗೆ ಹೋದರು. ನಾನು ನರಸಿಂಹರಾಜಪುರದಲ್ಲಿ ಪಾಠ ಮಾಡುತ್ತಾ, ಅಣೆಕಟ್ಟಿನ ಹಿನ್ನೀರಿನ ಕಡೆಯ ಊರುಗಳ ಕುಡಿಯುವ ನೀರು ನೋಡುವ ಕೆಲಸ ಹಿಡಿದೆ. ಹೋದ ವರ್ಷ ಅವರಿಗೆ ಹುಷಾರಿಲ್ಲ ಎಂದು ಕೇಳಿ ನೋಡಲು ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮೈ ಇಳಿದಿತ್ತು, ಕಣ್ಣಿನ ತುಂಟತನ ಇಳಿದಿರಲಿಲ್ಲ. ನೀರಿನ ಸುದ್ದಿ, ಮಕ್ಕಳ ಸುದ್ದಿ ಎಲ್ಲ ಆಯಿತು. ಹೊರಡಲು ಎದ್ದಾಗ ಇದ್ದಕ್ಕಿದ್ದಂತೆ ಕೇಳಿದರು.

"ಅಲ್ಲ ಮಾರಾಯ್ತಿ, ಅವತ್ತು ಎಷ್ಟನೇ ಮನೆಯಲ್ಲಿ ಹೇಳಿದೆ?"

ಯಾವತ್ತು, ಏನು ಎಂದು ನಾನು ಕೇಳಬೇಕಾಗಿರಲಿಲ್ಲ. ಅವತ್ತು ಅವರಿಗೆ ಮಂಡಿ ನೋವಿರಲಿಲ್ಲ ಎಂಬುದು ಇಷ್ಟು ವರ್ಷದ ಮೇಲೆ, ಆ ಕ್ಷಣದಲ್ಲಿ ತಿಳಿಯಿತು.

"ನಾಲ್ಕನೇ ಮನೆಯಲ್ಲಿ, ಮೇಡಂ."

"ಹೌದಾ?" ಅವರ ಮುಖ ಅರಳಿತು. "ನಾನು ಆರನೇ ಮನೆ ಅಂತ ಅಂದಾಜು ಮಾಡಿದ್ದೆ."

ಹದಿನೈದು ದಿನಕ್ಕೆ ಅವರು ಹೋದರು. ನನ್ನ ಕೆಲಸಕ್ಕೆ ಆಮೇಲೆ ಒಂದೆರಡು ಪ್ರಶಸ್ತಿ ಬಂದಿವೆ, ಹೊಗಳಿಕೆಯ ಮಾತುಗಳೂ ಬಂದಿವೆ. ಆದರೆ ಎಂದೂ ಅಂದಾಜು ತಪ್ಪದ ನನ್ನ ಗುರುಗಳು ನನ್ನ ವಿಷಯದಲ್ಲಿ ಎರಡು ಮನೆಯಷ್ಟು ತಪ್ಪಿ, ಆ ತಪ್ಪಿಗೆ ಅಷ್ಟು ಸಂತೋಷಪಟ್ಟರಲ್ಲ, ಅದಕ್ಕಿಂತ ದೊಡ್ಡದು ನನಗೆ ಇದುವರೆಗೆ ಯಾವುದೂ ಸಿಕ್ಕಿಲ್ಲ.